ಪದಚರ್ಚೆ: ಲೋಪ, ಆಗಮ, ಆದೇಶ ಆಯಿತು, ನಾಲ್ಕನೆಯದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕುಮಟಾ, ಅಂಕೋಲಾ ಕಡೆಯ ಅಂಗನವಾಡಿ ಕಾರ್ಯಕರ್ತೆಯರಿಗೆಂದು ಮಕ್ಕಳ ಉಚ್ಚಾರಣೆಯ ತೊಂದರೆಗಳ ಬಗ್ಗೆ ಸಣ್ಣದೊಂದು ಕೈಪಿಡಿ ಬರೆಯುತ್ತಿದ್ದೇವೆ. ವಿಷಯ ಹೇಳುವವರು ಒಬ್ಬ ವಾಕ್ ಚಿಕಿತ್ಸಕಿ, ಅದನ್ನು ಕನ್ನಡಕ್ಕೆ ಕೂರಿಸುವುದು ನನ್ನ ಪಾಲು. ಎರಡು ಮೂರು ಕಡೆ ಮಾತು ಸಿಗದೆ ನಿಂತಿದೆ, ಅದಕ್ಕೇ ಈ ಓಲೆ.

ಮಕ್ಕಳ ಉಚ್ಚಾರಣೆಯ ತಪ್ಪುಗಳನ್ನು ಈ ಶಾಸ್ತ್ರದವರು ಬಹುಕಾಲದಿಂದ ನಾಲ್ಕು ಬಗೆಯಾಗಿ ನೋಡುತ್ತಾರೆ. ಒಂದು ಧ್ವನಿಯನ್ನು ಬಿಟ್ಟೇಬಿಡುವುದು: ‘ಸಕ್ಕರೆ’ ಹೋಗಿ ‘ಅಕ್ಕರೆ’. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವುದು: ‘ಕಾಗೆ’ ಹೋಗಿ ‘ತಾದೆ’. ಇಲ್ಲದ್ದನ್ನು ಸೇರಿಸುವುದು. ಇವಕ್ಕೆ ಹೊಸ ಪದ ಹುಡುಕುವ ಗೋಜೇ ಬೇಡ, ಹೈಸ್ಕೂಲಿನಲ್ಲಿ ಸಂಧಿ ಕಲಿತವರಿಗೆಲ್ಲ ಲೋಪ, ಆದೇಶ, ಆಗಮ ಗೊತ್ತು. ಕಾರ್ಯಕರ್ತೆಯರಿಗೆ ಹೇಳಿದಾಗ ಥಟ್ಟನೆ ಹಿಡಿದುಕೊಂಡರು.

ತೊಡಕಿರುವುದು ನಾಲ್ಕನೆಯದರಲ್ಲಿ. ಮಗು ‘ಸ’ ಅನ್ನುವಾಗ ನಾಲಗೆಯ ತುದಿ ಹಲ್ಲಿನ ಸಾಲು ದಾಟಿ ಹೊರಗೆ ಇಣುಕುತ್ತದೆ. ಇಲ್ಲವೇ ಗಾಳಿ ನಾಲಗೆಯ ನಡುವಿನಿಂದ ಹೊರಡುವ ಬದಲು ಎರಡೂ ಪಕ್ಕದಿಂದ ಕೆನ್ನೆಯತ್ತ ಸೋರಿ, ಎಂಜಲು ಸೇರಿದ ಸದ್ದಾಗುತ್ತದೆ. ಕೇಳಿದವರಿಗೆ ಅದು ‘ಸ’ ಎಂದು ತಿಳಿಯುತ್ತದೆ, ಸರಿಯಾದ ‘ಸ’ ಮಾತ್ರ ಅಲ್ಲ. ಬೇರೆ ಯಾವ ಅಕ್ಷರವೂ ಅಲ್ಲ, ಹಾಗಾಗಿ ಬರೆದು ತೋರಿಸಲೂ ಆಗದು. ವೈಯಾಕರಣರು ಇದಕ್ಕೆ ಹೆಸರಿಡದಿರುವುದೂ ಅದಕ್ಕೇ ಇರಬೇಕು: ಸಂಧಿಯ ವ್ಯವಹಾರ ಅಕ್ಷರ ಅಕ್ಷರಗಳ ನಡುವೆ, ಇದು ಒಂದೇ ಅಕ್ಷರದ ಒಳಗಿನ ಎಡವಟ್ಟು.

‘ವಿಕೃತಿ’ ಅನ್ನುವ ಸಲಹೆ ಬಂತು. ಇವತ್ತಿನ ಪೇಪರ್ ಓದುವವರಿಗೆ ವಿಕೃತಿ ಎಂದರೆ ಏನು ನೆನಪಾಗುತ್ತದೆ ಎಂದು ನಿಮಗೇ ಗೊತ್ತು. ನಾಲ್ಕು ವರ್ಷದ ಮಗುವಿನ ಹೆಸರಿನ ಮುಂದೆ ಅದನ್ನು ಬರೆಯಲು ನನ್ನ ಕೈ ಏಳದು. ‘ವಕ್ರೋಚ್ಚಾರ’ ಪರೀಕ್ಷೆಯ ಉತ್ತರಪತ್ರಿಕೆಗೆ ಸರಿ. ನನಗೆ ಸದ್ಯ ಹಿಡಿಸಿದ್ದು ‘ಓರೆಯುಲಿ’, ಆದರೆ ಉಲಿ ಅಂದರೆ ಹಕ್ಕಿ ಕೂಗಿದ ಹಾಗೆ ಕೇಳುತ್ತದೆ ಎಂದು ನಮ್ಮ ಚಿಕಿತ್ಸಕಿಯ ತಕರಾರು.

ಹೆಸರು ಬೇರೆ ಬೇಕೆಂದು ಹಟ ಹಿಡಿಯಲು ಕಾರಣ ಚಿಕಿತ್ಸೆಯೇ ಬೇರೆ ಎಂಬುದು. ‘ತಾದೆ’ ಅನ್ನುವ ಹುಡುಗನ ಎದುರು ಕಾಗೆಯ ಚಿತ್ರ ಹಿಡಿದು ನಾನೂ “ತಾದೆನಾ?” ಅಂದೆ. ಸಿಟ್ಟು ಬಂತು ಅವನಿಗೆ. “ಅಲ್ಲ, ತಾದೆ!” ಅಂದ. ಕಿವಿಗೆ ವ್ಯತ್ಯಾಸ ಗೊತ್ತು, ನಾಲಗೆಯೂ ನೆಟ್ಟಗಿದೆ. ಬಾಯಿಯ ಹಿಂಭಾಗದಲ್ಲಿ ಹುಟ್ಟುವ ಕ, ಗ ಗಳನ್ನೆಲ್ಲ ಮುಂಭಾಗದ ತ, ದ ಗಳಿಗೆ ತಳ್ಳುವ ಒಂದು ಕ್ರಮ ಅವನ ತಲೆಯಲ್ಲಿ ಕೂತಿದೆ. ಇಂಥವರಿಗೆ ಜೋಡಿ ಪದಗಳ ಆಟ. ಕಾಯಿ, ತಾಯಿ ಎಂಬ ಎರಡು ಚಿತ್ರ ಇಟ್ಟು ಮಗು ಕೇಳಿದ್ದನ್ನೇ ಕೊಡುವುದು. ತೆಂಗಿನಕಾಯಿ ಬೇಕಾದವನಿಗೆ ಪ್ರತಿ ಸಲ ತಾಯಿಯ ಚಿತ್ರ ಬಂದರೆ, ಈ ಎರಡನ್ನು ಬೇರೆ ಮಾಡಿ ಹೇಳಲೇಬೇಕು ಎಂದು ಅವನಿಗೇ ಹೊಳೆಯುತ್ತದೆ. ಓರೆ ‘ಸ’ಕ್ಕೆ ಈ ಆಟ ಸಾಲದು. ಅಲ್ಲಿ ಕನ್ನಡಿ ಬೇಕು, ನಾಲಗೆ ಎಲ್ಲಿಡಬೇಕೆಂದು ತೋರಿಸಬೇಕು. ಅಮೆರಿಕದ ಚಾರ್ಲ್ಸ್ ವಾನ್ ರೈಪರ್ ರೂಢಿಗೆ ತಂದ ಮೆಟ್ಟಿಲುಗಳು ಇಂದಿಗೂ ಬಳಕೆಯಲ್ಲಿವೆ: ಮೊದಲು ಕಿವಿಗೆ ಅಭ್ಯಾಸ, ಆಮೇಲೆ ಬಿಡಿ ಧ್ವನಿ, ಸ್ವರದೊಂದಿಗೆ ಸೇರಿಸಿ, ಪದದಲ್ಲಿ, ವಾಕ್ಯದಲ್ಲಿ, ಕಡೆಗೆ ಮಾತುಕತೆಯಲ್ಲಿ. ‘ಸ್ವರದೊಂದಿಗೆ’ ಅನ್ನುವ ಮೆಟ್ಟಿಲು ನಮ್ಮ ಕಾಗುಣಿತವೇ, ಕೈಪಿಡಿಯಲ್ಲಿ ಹಾಗೇ ಬರೆದಿದ್ದೇನೆ. (ಇದೆಲ್ಲಕ್ಕೂ ಮುಂಚೆ ಕಿವಿ ಪರೀಕ್ಷೆ. ಬಜೆ ತೇದು ನಾಲಗೆಗೆ ಹಚ್ಚಿ ವರ್ಷಗಟ್ಟಲೆ ಕಾಯುವ ಮನೆಗಳು ನಮ್ಮಲ್ಲಿ ಇನ್ನೂ ಇವೆ.)

ಇನ್ನು ‘ತೊದಲು’. ಹಳಗನ್ನಡದ ತೊದಳ್ನುಡಿ ಮಗುವಿನ ಮುದ್ದು ಮಾತು. ಈಗ ಮೊದಲ ಅಕ್ಷರದಲ್ಲೇ ಮಾತು ಸಿಕ್ಕಿಕೊಳ್ಳುವವನನ್ನೂ ತೊದಲುತ್ತಾನೆ ಅನ್ನುತ್ತಾರೆ, ಅದಕ್ಕೆ ‘ಉಗ್ಗು’ ಎಂಬ ಒಳ್ಳೆಯ ಪದ ಇದ್ದೂ. ಲಕ್ವ ಹೊಡೆದಾಗಲೂ “ಮಾತು ತೊದಲ್ತಾ ಇದೆ” ಅಂತಲೇ ಹೇಳುವುದು. ಒಂದು ಬೆಳೆಯುವ ವಯಸ್ಸಿನದು, ಒಂದು ಮಾತಿನ ಓಟದ್ದು, ಮೂರನೆಯದಕ್ಕೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಮೂರಕ್ಕೂ ಒಂದೇ ಪದ ಇಡುವುದು ನನಗೆ ಸರಿ ಕಾಣುತ್ತಿಲ್ಲ. ಮರಾಠಿಯಲ್ಲಿ ‘ಬೋಬಡೆ’ ಮಗುವಿನ ಸ್ಪಷ್ಟವಲ್ಲದ ಮಾತಿಗೆ, ‘ತೋತರೆ’ ಉಗ್ಗುವುದಕ್ಕೆ. ಗಡಿಯಾಚೆಯವರು ಬೇರೆಬೇರೆಯಾಗಿ ಇಟ್ಟುಕೊಂಡಿದ್ದಾರೆ. ಕೈಪಿಡಿಯಲ್ಲಿ ತೊದಲನ್ನು ಮಗುವಿಗೇ ಬಿಟ್ಟು, ಉಳಿದವಕ್ಕೆ ‘ಉಗ್ಗು’ ಮತ್ತು ‘ನಾಲಗೆ ಹೊರಳದಿರುವುದು’ ಎಂದು ಬರೆಯೋಣ ಅಂತಿದ್ದೇನೆ.

ಕಡೆಯದು ‘ಉಚ್ಚಾರ ದೋಷ’. ಶಾಲೆಯಲ್ಲಿ ಈ ಮಾತು ಹೆಚ್ಚಾಗಿ ಬೀಳುವುದು ‘ಹಾಲು’ ಎನ್ನಲು ‘ಆಲು’ ಅನ್ನುವ, ಕೊಂಕಣಿ ಮನೆಯಿಂದ ಬಂದು ‘ಚಂದ’ವನ್ನು ‘ತ್ಸಂದ’ದ ಹತ್ತಿರ ಹೇಳುವ ಮಕ್ಕಳ ಮೇಲೆ. ಅವರಿಗೆ ಇರುವುದು ಮನೆಯ ನುಡಿ, ತೊಂದರೆಯಲ್ಲ. ಮನೆಯವರೆಲ್ಲ ಹಾಗೇ ಆಡುತ್ತಿದ್ದರೆ ಅದನ್ನು ಚಿಕಿತ್ಸೆಯ ಪಟ್ಟಿಗೆ ಸೇರಿಸಬಾರದು ಎಂಬುದು ವಾಕ್ ಚಿಕಿತ್ಸೆಯ ಮೊದಲ ಪಾಠಗಳಲ್ಲೊಂದು. ‘ಇಸ್ಕೂಲು’ ಅನ್ನುವವರನ್ನೆಲ್ಲ ಆಗಮದ ರೋಗಿಗಳು ಎಂದು ಬರೆದರೆ ನಮ್ಮ ಅರ್ಧ ಜಿಲ್ಲೆ ಸಾಲಿನಲ್ಲಿ ನಿಲ್ಲಬೇಕಾದೀತು! ‘ಅಂಗವೈಕಲ್ಯ’ವೂ ಹೊಂದದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ವಾಕ್ ಮತ್ತು ಭಾಷಾ ವೈಕಲ್ಯ ಎಂದರೆ ಧ್ವನಿಪೆಟ್ಟಿಗೆ ತೆಗೆದದ್ದು, ಮಿದುಳಿಗೆ ಪೆಟ್ಟಾಗಿ ಮಾತು ಹೋದದ್ದು, ಇಂಥ ಶಾಶ್ವತ ಸ್ಥಿತಿಗಳು. ‘ಉಚ್ಚಾರಣೆಯ ತೊಡಕು’ ಅಂದರೆ ಸಾಕೇ?

ಭಟ್ಕಳದ ನವಾಯತಿ, ಕಾರವಾರದ ಕೊಂಕಣಿ, ಶಿರಸಿ-ಸಿದ್ದಾಪುರದ ಹವ್ಯಕ ಮನೆಗಳವರು ಒಂದು ಉಪಕಾರ ಮಾಡಬೇಕು. ‘ಸ’ ಹೀಗೆ ಪಕ್ಕಕ್ಕೆ ಸೋರುವ ಮಾಣಿಗೋ ಕೂಸಿಗೋ ನಿಮ್ಮಲ್ಲಿ ಅಜ್ಜಿಯಂದಿರು ಏನಾದರೂ ಹೇಳುತ್ತಿದ್ದರೇ? ಗೇಲಿಯ ಮಾತಾದರೂ ಅಡ್ಡಿಲ್ಲ, ಬರೆಯಿರಿ. ಅದರಿಂದ ಬೇಕಾದ್ದನ್ನು ಆರಿಸಿಕೊಳ್ಳುತ್ತೇನೆ. ಕೈಪಿಡಿ ಅಚ್ಚಿಗೆ ಹೋಗುವುದು ದೀಪಾವಳಿ ಕಳೆದ ಮೇಲೆ.