ಐಸ್‌ಲ್ಯಾಂಡಿನವರ ಮಾತಿನಲ್ಲಿ ಗಾಳಿಗೆ ಇಷ್ಟೊಂದು ಹೆಸರುಗಳೇಕೆ?

ಪ್ರಶ್ನೆ: ಚಳ್ಳಕೆರೆ ಶೇಂಗಾಹೊಲ

ನಮ್ಮ ಅಕ್ಕನ ಮಗ ಓದಿಗಾಗಿ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿದ್ದಾನೆ. ಫೋನು ಮಾಡಿದಾಗಲೆಲ್ಲ ಮೊದಲು ಗಾಳಿಯ ಸುದ್ದಿಯನ್ನೇ ಹೇಳುತ್ತಾನೆ. ಅದನ್ನೂ ಗಂಟೆಗೆ ಇಷ್ಟು ಕಿಲೋಮೀಟರ್ ಎನ್ನದೆ ಸೆಕೆಂಡಿಗೆ ಇಷ್ಟು ಮೀಟರ್ ಎನ್ನುತ್ತಾನೆ. ನಮ್ಮ ಕಡೆ ಮಳೆಗೆ ಅಶ್ವಿನಿಯಿಂದ ಸ್ವಾತಿಯವರೆಗೆ ನಕ್ಷತ್ರದ ಹೆಸರುಗಳಿವೆಯೇ ಹೊರತು, ಗಾಳಿಗೆ ಆಷಾಢದ ಗಾಳಿ, ಬಿರುಗಾಳಿ, ಸುಂಟರಗಾಳಿ ಎನ್ನುವುದನ್ನು ಬಿಟ್ಟರೆ ಹೆಚ್ಚಿನ ಹೆಸರುಗಳಿಲ್ಲ. ಅಷ್ಟು ಉತ್ತರದ ನಾಡಿನಲ್ಲಿ ಜನರು ಚಳಿಯನ್ನು ಬಿಟ್ಟು ಗಾಳಿಯನ್ನೇ ಏಕೆ ಲೆಕ್ಕ ಹಾಕುತ್ತಾರೆ? ಗಾಳಿಗೆ ಅವರಿಟ್ಟ ಅಷ್ಟೊಂದು ಹೆಸರುಗಳು ದಿನನಿತ್ಯದ ಬದುಕಿನಲ್ಲಿ ನಿಜಕ್ಕೂ ಬಳಕೆಯಲ್ಲಿವೆಯೇ, ಅಥವಾ ಪ್ರವಾಸಿಗರಿಗೆ ಹೇಳುವ ಅಲಂಕಾರದ ಮಾತುಗಳೇ?

ಉತ್ತರ: ದುರ್ಗದ ಗಾಳಿಯಂತ್ರ

ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳ ನಿರ್ವಹಣೆಯಲ್ಲಿ ಕೆಲಸ ಮಾಡಿದವನಾದ್ದರಿಂದ ಸೆಕೆಂಡಿಗೆ ಮೀಟರ್ ಎಂಬ ಲೆಕ್ಕ ನನಗೆ ಹೊಸದಲ್ಲ. ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಸಮುದ್ರದಲ್ಲಿದೆ. ರೇಕ್ಯಾವಿಕ್ 64 ಡಿಗ್ರಿ ಉತ್ತರದಲ್ಲಿದ್ದರೂ ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಅದರ ಸುತ್ತ ಹರಿಯುವುದರಿಂದ ಜನವರಿಯ ಸರಾಸರಿ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ, ಜುಲೈನಲ್ಲಿ ಸುಮಾರು 11 ಡಿಗ್ರಿಯನ್ನು ಮುಟ್ಟುತ್ತದೆ. ಆದರೆ ಹವಾಮಾನ ಶಾಸ್ತ್ರದಲ್ಲಿ ಆ ದ್ವೀಪದ ಹೆಸರಿನಿಂದಲೇ ಕರೆಯಲ್ಪಡುವ ಕಡಿಮೆ ಒತ್ತಡದ ವಲಯವೊಂದಿದ್ದು, ಚಳಿಗಾಲದಲ್ಲಿ ಒಂದರ ಹಿಂದೊಂದು ಬಿರುಗಾಳಿ ಆ ದಾರಿಯಲ್ಲಿಯೇ ಸಾಗುತ್ತದೆ. ತಡೆಯಲು ದೊಡ್ಡ ಕಾಡುಗಳೂ ಅಲ್ಲಿಲ್ಲ. ಹಾಗಾಗಿ ಸೊನ್ನೆ ಡಿಗ್ರಿ ಎಂದಷ್ಟೇ ಹೇಳಿದರೆ ಅಲ್ಲಿನವರಿಗೆ ಏನೂ ಹೇಳಿದಂತಾಗುವುದಿಲ್ಲ.

ಹೆಸರುಗಳು ಅಲಂಕಾರಕ್ಕಲ್ಲ. ಪೂರ್ತಿ ನಿಶ್ಚಲವಾದ ಗಾಳಿ ‘ಲೋಕ್ನ್’, ಎಲೆ ಅಲುಗಿಸುವಷ್ಟಾದರೆ ‘ಗೋಲಾ’, ಸೆಕೆಂಡಿಗೆ ಸುಮಾರು 25 ಮೀಟರ್ ದಾಟಿದರೆ ‘ರೋಕ್’, 32.7 ಮೀಟರ್ ಮುಟ್ಟಿದರೆ, ಎಂದರೆ ಗಂಟೆಗೆ ಸುಮಾರು 118 ಕಿಲೋಮೀಟರ್ ಆದರೆ, ‘ಫೌರ್ವಿದ್ರಿ’. ನಮ್ಮ ಯಂತ್ರಗಳು ಸಾಮಾನ್ಯವಾಗಿ 25 ಮೀಟರಿಗೆ ತಾವಾಗಿಯೇ ನಿಂತುಬಿಡುತ್ತವೆ. ನಾವು ಕೆಲಸ ನಿಲ್ಲಿಸುವ ಆ ವೇಗಕ್ಕೆ ಅಲ್ಲಿ ಮನೆಮಾತಿನ ಹೆಸರೇ ಇದೆ ಎಂದು ತಿಳಿದಾಗ ನನಗೆ ಸೋಜಿಗವಾಯಿತು. 1906ರಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿ ಬಂದ ಮೇಲೆ ಹವೆಯ ವಿವರಗಳನ್ನು ಹೊರದೇಶಗಳೊಡನೆ ಹಂಚಿಕೊಳ್ಳುವುದು ಸಾಧ್ಯವಾಯಿತು, 1920ರಲ್ಲಿ ಅವರದೇ ಹವಾಮಾನ ಕಚೇರಿ ಸ್ಥಾಪನೆಯಾಯಿತು, 1930ರಲ್ಲಿ ಬಾನುಲಿಯೂ ಆರಂಭವಾಯಿತು. ತೆರೆದ ದೋಣಿಗಳಲ್ಲಿ ಮೀನು ಹಿಡಿಯಲು ಹೋಗುತ್ತಿದ್ದ ಜನಕ್ಕೆ ಗಾಳಿಯ ಒಂದೊಂದು ಮೆಟ್ಟಿಲೂ ಜೀವದ ಪ್ರಶ್ನೆಯಾಗಿತ್ತು. ಇಂದು ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಎಚ್ಚರಿಕೆ ಬರುತ್ತದೆ. ಈ ಪದ್ಧತಿ 2017ರಲ್ಲಿ ಜಾರಿಗೆ ಬಂದಿದ್ದು, ಕೆಂಪು ಎಚ್ಚರಿಕೆ ಬಂದಾಗ ರಸ್ತೆಗಳನ್ನು ಮುಚ್ಚುವುದೂ ಉಂಟು.

ಉತ್ತರ: ದಾವಣಗೆರೆ ನಿವೃತ್ತ ಉಪನ್ಯಾಸಕ

ಮೇಲಿನವರು ಸಮುದ್ರದ ಕಡೆಯಿಂದ ಹೇಳಿದ್ದಾರೆ. ಕೃಷಿಯ ಕಡೆಯಿಂದ ನೋಡಿದರೆ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಐಸ್‌ಲ್ಯಾಂಡಿನ ರೈತನ ಮುಖ್ಯ ಬೆಳೆ ಹುಲ್ಲು. ಚಳಿಗಾಲವಿಡೀ ಕೊಟ್ಟಿಗೆಯಲ್ಲಿರುವ ಕುರಿ ಮತ್ತು ಹಸುಗಳಿಗೆ ಜುಲೈ, ಆಗಸ್ಟ್‌ನಲ್ಲಿ ಕೊಯ್ದು ಒಣಗಿಸಿದ ಹುಲ್ಲೇ ಆಧಾರವಾಗಿತ್ತು. ಹುಲ್ಲು ಒಣಗಲು ಅನುಕೂಲವಾದ ಬಿಸಿಲುಗಾಳಿಯ ದಿನಗಳನ್ನು ಅವರು ‘ಥುರ್ಕುರ್’ ಎಂದು ಕರೆದು, ಅದಕ್ಕಾಗಿ ಕಾದು ಕುಳಿತಿರುತ್ತಿದ್ದರು. ರೋಹಿಣಿ ಹೋಯಿತು, ಆರಿದ್ರಾ ಬರಲಿಲ್ಲ ಎಂದು ಶೇಂಗಾ ಬಿತ್ತನೆಗೆ ಮುಗಿಲು ನೋಡುವ ನಮಗೆ ಮಳೆಯಿಲ್ಲದ ವಾರ ಎಂದರೆ ಎದೆ ನಡುಗುತ್ತದೆ. ಅವರಿಗೆ ಅಂಥದೇ ವಾರವೊಂದು ಸಿಗದಿದ್ದರೆ ಹುಲ್ಲು ಕೊಳೆತು ದನಕರುಗಳು ಉಪವಾಸ ಬೀಳುತ್ತಿದ್ದವು. ರೇಕ್ಯಾವಿಕ್‌ಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾಗುತ್ತದೆ. ಚಳ್ಳಕೆರೆ, ಹಿರಿಯೂರು ತಾಲ್ಲೂಕುಗಳು ಕನಸಿನಲ್ಲಿ ಕಾಣುವಷ್ಟು ಎನ್ನಬಹುದು, ಆದರೆ ಅದು ವರ್ಷವಿಡೀ ಹನಿಹನಿಯಾಗಿ ಬೀಳುವುದರಿಂದಲೇ ಈ ತೊಂದರೆ. ಈಗ ಹುಲ್ಲನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹಸಿಯಾಗಿಯೇ ಹದಗೊಳಿಸುವುದರಿಂದ ಮೊದಲಿನ ಆತಂಕ ಕಡಿಮೆಯಾಗಿದೆ.

ಅವರ ಹಳೆಯ ಪಂಚಾಂಗದಲ್ಲಿ ಇರುವುದು ಬೇಸಿಗೆ, ಚಳಿಗಾಲ ಎಂಬ ಎರಡೇ ಕಾಲಗಳು. ಏಪ್ರಿಲ್ 18ರ ನಂತರದ ಮೊದಲ ಗುರುವಾರವನ್ನು ಬೇಸಿಗೆಯ ಮೊದಲ ದಿನವೆಂದು ಆಚರಿಸುತ್ತಾರೆ, ಅಂದು ಸಾರ್ವಜನಿಕ ರಜೆ. ಹಿಮ ಬೀಳುತ್ತಿದ್ದರೂ ಮೆರವಣಿಗೆ ನಿಲ್ಲುವುದಿಲ್ಲ. ಹಿಂದಿನ ರಾತ್ರಿ ಹೊರಗಿಟ್ಟ ನೀರು ಹೆಪ್ಪುಗಟ್ಟಿದರೆ ಎರಡು ಕಾಲಗಳೂ ಒಟ್ಟಿಗೆ ಗಡ್ಡೆಕಟ್ಟಿದಂತೆ. ಆ ವರ್ಷ ಕುರಿಗಳ ಹಾಲು ಗಟ್ಟಿಯಾಗಿರುತ್ತದೆ ಎಂಬ ನಂಬಿಕೆ ಇದೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಎನ್ನುವ ನಾವು ಇದನ್ನು ಮೂಢನಂಬಿಕೆ ಎಂದು ನಗುವಂತಿಲ್ಲ.

ಪ್ರತಿಕ್ರಿಯೆ: ಚಳ್ಳಕೆರೆ ಶೇಂಗಾಹೊಲ

ಇಬ್ಬರಿಗೂ ಧನ್ಯವಾದಗಳು. ಹುಡುಗ ಒಮ್ಮೆ ಹೊರಗೆ ಚೆನ್ನಾಗಿ ಬಿಸಿಲಿದೆ, ಆದರೆ ಇದು ಕಿಟಕಿಯ ಹವೆ ಎಂದ. ಏನೆಂದು ತಿಳಿಯಲಿಲ್ಲ. ಇನ್ನೊಂದು, ಅವನ ಅಮ್ಮ ಒಂದು ಒಳ್ಳೆಯ ಛತ್ರಿ ಕಳಿಸಬೇಕೆಂದು ಹಟ ಹಿಡಿದಿದ್ದಾರೆ.

ಉತ್ತರ: ದುರ್ಗದ ಗಾಳಿಯಂತ್ರ

ಅದು ‘ಗ್ಲುಗ್ಗವೇದುರ್’. ಒಳಗೆ ಕುಳಿತು ನೋಡಲು ಚಂದ, ಹೊರಗೆ ಕಾಲಿಟ್ಟರೆ ಗಾಳಿ ಕೊರೆಯುತ್ತದೆ ಎಂಬರ್ಥದಲ್ಲಿ ಎಲ್ಲರೂ ಬಳಸುತ್ತಾರೆ. ಅಂದ ಹಾಗೆ, ಮಳೆರಾಯ ಎನ್ನುವ ನಮ್ಮಂತೆ ಅವರೂ ಹವೆಯ ಬಗ್ಗೆ ಮಾತನಾಡುವಾಗ ‘ಅವನು’ ಎಂಬ ಸರ್ವನಾಮವನ್ನೇ ಬಳಸುವುದುಂಟು. ಛತ್ರಿಯ ಹಣ ದಂಡ, ಅಲ್ಲಿ ಮಳೆ ಅಡ್ಡಡ್ಡವಾಗಿ ಬೀಳುತ್ತದೆ ಎಂದು ಅಮ್ಮನವರಿಗೆ ತಿಳಿಸಿ. ಟೋಪಿಯಿರುವ, ಗಾಳಿ ನುಗ್ಗದ ಮಳೆ ಅಂಗಿಯನ್ನು ಅವನು ಅಲ್ಲಿಯೇ ಕೊಳ್ಳಲಿ. ಬಾಡಿಗೆ ಕಾರು ಓಡಿಸುವುದಿದ್ದರೆ ಬಾಗಿಲನ್ನು ಎರಡೂ ಕೈಗಳಿಂದ ಹಿಡಿದು ತೆರೆಯಲು ಹೇಳಿ. ಗಾಳಿಗೆ ಬಾಗಿಲು ಹಿಂದಕ್ಕೆ ಮುರಿದರೆ ಅನೇಕ ವಿಮೆಗಳು ಆ ಖರ್ಚನ್ನು ಭರಿಸುವುದಿಲ್ಲ.