ಪೇಪರ್ ಹಾಕುವ ಹುಡುಗನಿಗೆ ತಿಂಗಳಿಗೆ 1,400 ಸರಿಯಾ?

ಫಾಲ್-ಪಿಕೋ ಅಕ್ಕ, ಮೈಸೂರು

ನನ್ನ ಮಗನಿಗೆ 16. ಫಸ್ಟ್ ಪಿಯುಸಿ, ಕಾಮರ್ಸ್. ಜೂನ್‌ನಿಂದ ಬೆಳಿಗ್ಗೆ ಪೇಪರ್ ಹಾಕುತ್ತಿದ್ದಾನೆ. ನಾವು ಕಳಿಸಿದ್ದಲ್ಲ. ಗೇರ್ ಸೈಕಲ್ ಬೇಕು ಅಂದ, ದುಡ್ಡಿಲ್ಲ ಅಂದೆ. ಮಾರನೇ ವಾರ ಅವನೇ ಏಜೆಂಟರ ಹತ್ತಿರ ಹೋಗಿ ಮಾತಾಡಿಕೊಂಡು ಬಂದ. ಏಜೆಂಟರು ನಮ್ಮ ಬೀದಿಯವರೇ. ಇವನು ಹುಟ್ಟುವ ಮೊದಲಿನಿಂದ ನಮ್ಮ ಮನೆಗೆ ಪೇಪರ್ ಬರುತ್ತಿರುವುದು ಅವರಿಂದಲೇ. ಆ ದಾಕ್ಷಿಣ್ಯಕ್ಕೆ ಸಂಬಳ ಎಷ್ಟು ಅಂತ ನಾನು ಬಾಯಿಬಿಟ್ಟು ಕೇಳಲಿಲ್ಲ. ಎಡವಟ್ಟಾಗಿದ್ದು ಅಲ್ಲೇ.

ಕುವೆಂಪುನಗರದಲ್ಲಿ 92 ಮನೆ ಲೈನ್. ತಿಂಗಳಿಗೆ 1,400. ನಾನು ಸೀರೆಗೆ ಫಾಲ್ ಹಾಕಿ ಪಿಕೋ ಮಾಡುವವಳು, ಪೀಸ್ ಲೆಕ್ಕ ನನಗೆ ಹೇಳಿಕೊಡಬೇಕಿಲ್ಲ. ದಿನಕ್ಕೆ 46 ರೂಪಾಯಿ ಚಿಲ್ಲರೆ ಬೀಳುತ್ತದೆ. ಒಂದು ಮನೆಗೆ 50 ಪೈಸೆ. ಆ ನಾಣ್ಯ ಈಗ ಕೊಟ್ಟರೆ ಹೂವಿನವಳೂ ತೆಗೆದುಕೊಳ್ಳುವುದಿಲ್ಲ.

ಅಲಾರಂ 4.30ಕ್ಕೆ. 5ಕ್ಕೆ ಪಾಯಿಂಟ್‌ನಲ್ಲಿರಬೇಕು, ಅಂದರೆ ಪೇಪರ್ ಬಂಡಲ್ ಇಳಿಸುವ ಜಾಗದಲ್ಲಿ. ಬಂಡಲ್ ಬಿಚ್ಚಿ, ಪುರವಣಿ ಒಳಗೆ ಸೇರಿಸಿ, ಕನ್ನಡದ್ದು ಬೇರೆ ಇಂಗ್ಲಿಷ್‌ದು ಬೇರೆ ಜೋಡಿಸಿಕೊಂಡು ಹೊರಡುವಾಗ 5.30. ಮುಗಿಯುವಾಗ ಆರೂಮುಕ್ಕಾಲು. ಒಂದು ದಿನ ಸೈಕಲ್ ಪಂಚರ್ ಆಗಿತ್ತು ಅಂತ ನಾನೇ ಸ್ಕೂಟರಿನಲ್ಲಿ ಜೊತೆಗೆ ಹೋದೆ. ಗಾಡಿಯಿಂದ ಇಳಿಯದೇ ಪೇಪರನ್ನು ಮೂರು ಮಡಿಕೆ ಮಾಡಿ, ಒಂದು ತುದಿಯನ್ನು ಒಳಗೆ ತುರುಕಿ ಎಸೆದ. ಅದು ಎರಡನೇ ಮಹಡಿ ಬಾಲ್ಕನಿಯಲ್ಲಿ ಬಾಗಿಲ ಪಕ್ಕಕ್ಕೇ ಹೋಗಿ ಬಿತ್ತು. ಹಾಸಿಗೆ ಮಡಚೋ ಅಂತ ಹತ್ತು ವರ್ಷದಿಂದ ಬೈಯುತ್ತಿದ್ದೇನೆ, ಈ ಕೈಯಲ್ಲಿ ಇಷ್ಟು ಅಚ್ಚುಕಟ್ಟು ಇದೆ ಅಂತ ಗೊತ್ತೇ ಇರಲಿಲ್ಲ. ಆದರೆ ಎಲ್ಲಾ ಮನೆಗೂ ಎಸೆಯಲು ಆಗುವುದಿಲ್ಲ. ಮೂರು ಅಪಾರ್ಟ್‌ಮೆಂಟ್ ಇವೆ. ಆ ಹೊತ್ತಿಗೆ ಒಂದರಲ್ಲಿ ಲಿಫ್ಟ್ ಆಫ್. ನಾಲ್ಕು ಮಹಡಿ ಹತ್ತಿ ಇಳಿದ. ಸಿಗುವುದು ಅದೇ 50 ಪೈಸೆ.

ಇನ್ನು ಪಾಂಪ್ಲೆಟ್. ಸೀರೆ ಸೇಲು, ಟ್ಯೂಷನ್ನು, ಹಲ್ಲಿನ ಆಸ್ಪತ್ರೆ, ವಾರಕ್ಕೆ ಮೂರು ದಿನವಾದರೂ ಇರುತ್ತವೆ. ಪೇಪರಿನ ಒಳಗೆ ಒಂದೊಂದಾಗಿ ಸೇರಿಸುವವರು ಹುಡುಗರು. ಅಂಗಡಿಯವರು ಸಾವಿರಕ್ಕೆ ಇಷ್ಟು ಅಂತ ಏಜೆಂಟರಿಗೆ ದುಡ್ಡು ಕೊಡುತ್ತಾರೆ. ಹುಡುಗರಿಗೆ ಅದರಲ್ಲಿ ಏನೂ ಇಲ್ಲ.

ಇಷ್ಟಾದರೂ ಸುಮ್ನೆ ಇದ್ದೆ. ಹೋದ ತಿಂಗಳು ಟೆಸ್ಟ್ ಇತ್ತು ಅಂತ ಎರಡು ದಿನ ಹೋಗಲಿಲ್ಲ. ಮೊದಲೇ ಹೇಳಿದ್ದ. ದಿನಕ್ಕೆ 100ರ ಹಾಗೆ 200 ಹಿಡಿದು 1,200 ಕೈಗಿಟ್ಟರು. ಹೋದರೆ 46, ಹೋಗದಿದ್ದರೆ 100! ಇದು ಯಾವ ಲೆಕ್ಕ?

ಎಷ್ಟು ಕೇಳಬಹುದು? ಬೀದಿಯವರ ಜೊತೆ ಮುಖ ಕೆಡಿಸಿಕೊಳ್ಳದೇ ಕೇಳುವುದು ಹೇಗೆ? ಮಗ ಬೇರೆ “ನೀನು ಬಂದರೆ ನನ್ನ ಮರ್ಯಾದೆ ಹೋಗುತ್ತೆ” ಅಂತ ಕೂತಿದ್ದಾನೆ.

ಹಳೇ ಪೇಪರ್ ಹುಡುಗ, ದಾವಣಗೆರೆ

ಅಕ್ಕ, ಮನೆ ಎಣಿಸಬೇಡಿ, ಮೆಟ್ಟಿಲು ಎಣಿಸಿ. ನಾನು ಹೈಸ್ಕೂಲಿನಲ್ಲಿ ಮೂರು ವರ್ಷ ಪೇಪರ್ ಹಾಕಿದವನು. ಸಾಲು ಮನೆಗಳ 100 ಮನೆ ಲೈನ್ ಆದರೂ ಪರವಾಗಿಲ್ಲ, ಮಹಡಿ ಮನೆಗಳ 50 ಸಾಕು ಮೊಣಕಾಲಿಗೆ. ನೆಲಮಹಡಿಗೆ ಒಂದು ರೇಟು, ಹತ್ತುವ ಮನೆಗೆ ಇನ್ನೊಂದು ರೇಟು ಅಂತ ಕೇಳಿ. ಒಟ್ಟಿಗೆ “ಜಾಸ್ತಿ ಮಾಡಿ” ಅಂದರೆ “ನೋಡೋಣ” ಅನ್ನುತ್ತಾರೆ. ಆ “ನೋಡೋಣ” ನಾನು ಮೂರು ವರ್ಷ ಕೇಳಿದೆ.

ಮಳೆಗಾಲಕ್ಕೆ ರೈನ್‌ಕೋಟು, ಪೇಪರ್ ಮುಚ್ಚಲು ಪ್ಲಾಸ್ಟಿಕ್ ಶೀಟು ಏಜೆಂಟರದ್ದೇ ಆಗಬೇಕು. ಒದ್ದೆ ಪೇಪರಿಗೆ ಗಿರಾಕಿ ದುಡ್ಡು ಮುರಿದರೆ ಅದನ್ನು ಹುಡುಗನ ತಲೆಗೆ ಕಟ್ಟಬಾರದು. ಮತ್ತೆ ನಾಯಿ. ನನಗೆ ಕಚ್ಚಿದಾಗ ಸರ್ಕಾರಿ ಆಸ್ಪತ್ರೆಯಲ್ಲಿ ಸೂಜಿ ಪುಕ್ಕಟೆ ಆಯಿತು. ಸೂಜಿಗೆ ಹೋದ ದಿನಗಳ ಸಂಬಳ ಮಾತ್ರ ಹಿಡಿದಿದ್ದರು.

ಏಜೆಂಟ್, ಹಾಸನ

ನಾನು 26 ವರ್ಷದಿಂದ ಏಜೆಂಟ್. ನನ್ನ ಕಡೆಯದೂ ಸ್ವಲ್ಪ ಕೇಳಿ ತಾಯಿ.

ನಾನು ಏಳುವುದು 3.30ಕ್ಕೆ. ಒಂದು ಪೇಪರಿಗೆ ನನ್ನ ಕೈಯಲ್ಲಿ ಉಳಿಯುವುದು ಒಂದೂವರೆ ರೂಪಾಯಿ ಆಸುಪಾಸು. ಅದರಲ್ಲೇ ಹುಡುಗರ ಸಂಬಳ, ಪೆಟ್ರೋಲು, ಬಾಕಿ ಉಳಿಸಿಕೊಂಡು ಮನೆ ಖಾಲಿ ಮಾಡಿಕೊಂಡು ಹೋದವರ ನಷ್ಟ. ಪೇಪರ್ ಬರಲಿ ಬಿಡಲಿ, ನಾನು ಕಟ್ಟಿದ ಡಿಪಾಸಿಟ್ ಪತ್ರಿಕೆ ಕಂಪನಿಯವರ ಹತ್ತಿರವೇ. 2020ರ ಲಾಕ್‌ಡೌನ್‌ನಲ್ಲಿ ಪೇಪರಿನಿಂದ ಕೊರೊನಾ ಬರುತ್ತದೆ ಅಂತ ನಿಲ್ಲಿಸಿದ ಮನೆಗಳು ಇವತ್ತಿಗೂ ಪೂರ್ತಿ ವಾಪಸ್ ಬಂದಿಲ್ಲ.

100 ಹಿಡಿಯುವುದು ಯಾಕೆ ಅಂದರೆ, ಒಬ್ಬ ಬರದಿದ್ದರೆ ಆ ಲೈನಿಗೆ ಬೇರೆಯವನನ್ನು ಹುಡುಕಬೇಕು, ಅವನು 100ಕ್ಕೆ ಕಮ್ಮಿ ಬರುವುದಿಲ್ಲ. ಹೇಳದೇ ಚಕ್ಕರ್ ಹೊಡೆದರೆ ನಾನೂ ಹಿಡಿಯುತ್ತೇನೆ. ಮೊದಲೇ ಹೇಳಿದ ಹುಡುಗನಿಗೆ ಹಿಡಿದಿದ್ದು ತಪ್ಪು. ಪಾಂಪ್ಲೆಟ್ ವಿಷಯದಲ್ಲೂ ನೀವು ಹೇಳಿದ್ದು ನ್ಯಾಯ. ನಾನು ಬಂದದ್ದರಲ್ಲಿ ಮೂರನೇ ಒಂದು ಪಾಲು ಹುಡುಗರಿಗೆ ಹಂಚುತ್ತೇನೆ. ಇಲ್ಲದಿದ್ದರೆ ಅರ್ಧ ಪಾಂಪ್ಲೆಟ್ ಚರಂಡಿಗೆ ಹೋಗುತ್ತದೆ, ಅದೂ ನನಗೆ ಗೊತ್ತು.

92 ಮನೆ, ಅದರಲ್ಲೂ ಅಪಾರ್ಟ್‌ಮೆಂಟ್ ಇದ್ದರೆ ನಮ್ಮ ಕಡೆ 1,800 ಕೊಡುತ್ತೇವೆ. ಒಂದು ಮಾತು. ಅಬ್ದುಲ್ ಕಲಾಂ ಅವರೂ ಚಿಕ್ಕಂದಿನಲ್ಲಿ ಪೇಪರ್ ಹಾಕಿದವರೇ. ಹುಡುಗರಿಗೆ ಬರೀ ದುಡ್ಡಿನ ಲೆಕ್ಕ ಕಲಿಸಬೇಡಿ.

ಲೇಬರ್ ಕೇಸ್ ಗುಮಾಸ್ತ, ಹುಬ್ಬಳ್ಳಿ

ಕಾಯ್ದೆ ಪ್ರಕಾರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ 14 ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಅಪಾಯದ್ದಲ್ಲದ ಮನೆ ಕಸುಬಿನಲ್ಲಿ ಶಾಲೆಯ ಹೊತ್ತು ಮುಗಿದ ಮೇಲೆ ಕೈಜೋಡಿಸುವುದಕ್ಕೆ, ಸಿನಿಮಾ-ಧಾರಾವಾಹಿಯಂಥವುಗಳಲ್ಲಿ ಬಾಲ ಕಲಾವಿದರಾಗುವುದಕ್ಕೆ ಮಾತ್ರ ವಿನಾಯಿತಿ. 14ರಿಂದ 18ರವರು ಅಪಾಯದ್ದಲ್ಲದ ಕೆಲಸ ಮಾಡಬಹುದು. ಆದರೆ ಅದೇ ಕಾಯ್ದೆಯಲ್ಲಿ, ಅಂಗಡಿ ಮುಂತಾದ ಕಡೆ ಅವರನ್ನು ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸಬಾರದು ಅಂತಲೂ ಇದೆ. ವಾರಕ್ಕೆ ಒಂದು ಪೂರ್ತಿ ರಜೆ ಕೊಡಬೇಕು ಅಂತಲೂ ಇದೆ. ಪೇಪರ್ ಹಾಕುವ ಹೊತ್ತು ಯಾವುದು? ನೀವೇ ನೋಡಿ. ರಸ್ತೆ ಬದಿಯ ಪಾಯಿಂಟ್ ಈ ಕಾಯ್ದೆಗೆ ಸೇರುತ್ತದೋ ಇಲ್ಲವೋ ಅಂತ ವಕೀಲರು ವಾದ ಮಾಡಬಹುದು, ಅದು ಬೇರೆ ಮಾತು.

ಸೆಪ್ಟೆಂಬರ್ 4ಕ್ಕೆ ಪತ್ರಿಕಾ ವಿತರಕರ ದಿನ ಅಂತ ಹಾರ ಹಾಕುತ್ತಾರಲ್ಲ, 1833ರ ಆ ದಿನ ನ್ಯೂಯಾರ್ಕಿನ ಪತ್ರಿಕೆಯೊಂದು ಕೆಲಸಕ್ಕೆ ಸೇರಿಸಿಕೊಂಡ ಹುಡುಗನಿಗೆ ಬರೀ 10 ವರ್ಷ. ಇವತ್ತು ಇಲ್ಲಿ ಹಾಗೆ ಮಾಡಿದರೆ ಕೇಸು.

ಕೆಲಸಕ್ಕೆ ಬರುವ ಮಾತು ಒಂದು: 16 ತುಂಬಿದ್ದರೆ ಇ-ಶ್ರಮ್‌ನಲ್ಲಿ, ಅಂದರೆ ಅಸಂಘಟಿತ ಕಾರ್ಮಿಕರ ಸರ್ಕಾರಿ ಪಟ್ಟಿಯಲ್ಲಿ, ಹೆಸರು ಹಾಕಿಸಬಹುದು. ಇವತ್ತೇ ಹಾಕಿಸಿ. ಪೇಪರ್ ಹಾಕುವವರಿಗೆ ಅಪಘಾತವಾದರೆ ಪರಿಹಾರ ಕೊಡುವ ರಾಜ್ಯದ ಯೋಜನೆಗೂ ಅದೇ ಬೇಕು.

ಫಾಲ್-ಪಿಕೋ ಅಕ್ಕ, ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಗುಮಾಸ್ತರೇ, ಇ-ಶ್ರಮ್ ಮಾಡಿಸಿದೆ. ಆದರೆ ಬೆಳಿಗ್ಗೆ 8ರ ಮೊದಲು ದುಡಿಸಬಾರದು ಅನ್ನುವ ಮಾತು ನಾನು ಎತ್ತಿದರೆ ಸಂಬಳ ಏರುವುದಿಲ್ಲ, ಕೆಲಸವೇ ಹೋಗುತ್ತದೆ. ಅದನ್ನು ಸದ್ಯಕ್ಕೆ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೇನೆ.

ಹಾಸನದ ಅಣ್ಣ, ಕಲಾಂ ಅವರ ಫೋಟೋ ನಮ್ಮ ಏಜೆಂಟರ ಅಂಗಡಿಯಲ್ಲೂ ಇದೆ. ಅವರ ಕಥೆ ನನಗೂ ಗೊತ್ತು. ಯುದ್ಧದ ಕಾಲದಲ್ಲಿ ರಾಮೇಶ್ವರಂನಲ್ಲಿ ರೈಲು ನಿಲ್ಲುತ್ತಿರಲಿಲ್ಲ, ಓಡುವ ರೈಲಿನಿಂದ ಬಂಡಲ್ ಎಸೆಯುತ್ತಿದ್ದರು, ಅವರು ಹೆಕ್ಕಿಕೊಡುತ್ತಿದ್ದರು. ಅವರಿಗೂ ಅದಕ್ಕೆ ಕೂಲಿ ಸಿಕ್ಕಿತ್ತು ಅಣ್ಣ. ಮೊದಲ ಸಂಪಾದನೆ ಅಂತ ಮುದುಕರಾದ ಮೇಲೂ ಹೆಮ್ಮೆಯಿಂದ ಬರೆದುಕೊಂಡಿದ್ದಾರೆ.

ಭಾನುವಾರ ಮಗನಿಗೆ ಹೇಳದೇ ಹೋಗಿ ಮಾತಾಡಿ ಬಂದೆ. ಬ್ಲೌಸ್ ಅಳತೆ ಬರೆಯುವ ಚೀಟಿಯ ಹಿಂದೆ ಲೆಕ್ಕ ಬರೆದುಕೊಂಡಿದ್ದೆ: ನೆಲದ ಮನೆ 58, ಹತ್ತುವ ಮನೆ 34. ಏಜೆಂಟರು ಓದಿ ನಕ್ಕರು. “ನೀವು ಏಜೆನ್ಸಿ ತಗೋಬಹುದಿತ್ತು ಕಣಮ್ಮ” ಅಂದರು. ಚೌಕಾಸಿ ಆಗಿ 1,700ಕ್ಕೆ ನಿಂತಿತು. ಪಾಂಪ್ಲೆಟ್ ಇದ್ದ ದಿನ 10 ರೂಪಾಯಿ ಬೇರೆ. ಮೊದಲೇ ಹೇಳಿ ರಜೆ ಹಾಕಿದರೆ ಅವತ್ತಿನ ಕೂಲಿ ಮಾತ್ರ ಹಿಡಿಯುವುದು. ವಾರಕ್ಕೊಂದು ರಜೆ ಅಂದಿದ್ದಕ್ಕೆ ಮಾತ್ರ ತಲೆ ಅಲ್ಲಾಡಿಸಿಬಿಟ್ಟರು. “ಆಯುಧಪೂಜೆ ಮಾರನೇ ದಿನ ಪೇಪರ್ ಬರಲ್ಲ, ಯುಗಾದಿ ಮಾರನೇ ದಿನ ಬರಲ್ಲ, ಅದೇ ನಮಗೆಲ್ಲ ರಜೆ.” ಅವರಿಗೂ ಅಷ್ಟೇ ರಜೆ ಅನ್ನುವುದು ನಿಜವೇ.

ಗೆದ್ದೆ ಅಂತ ಏಳುವಷ್ಟರಲ್ಲಿ ಡ್ರಾಯರಿನಿಂದ ಪುಸ್ತಕ ತೆಗೆದರು. ನಮ್ಮ ಮನೆಯ ಮೂರು ತಿಂಗಳ ಪೇಪರ್ ಬಿಲ್ ಬಾಕಿ ಇತ್ತು. ಮಗ ಪ್ರತಿ ತಿಂಗಳೂ ಬಿಲ್ ತಂದು ಟಿವಿ ಮೇಲೆ ಇಡುತ್ತಿದ್ದನಂತೆ. ಮುಖ ಎಲ್ಲಿಡಲಿ ಅಂತ ಗೊತ್ತಾಗದೇ ಅಲ್ಲೇ ಫೋನ್‌ಪೇ ಮಾಡಿದೆ.

ಮನೆಗೆ ಬಂದು ಆ ಬಿಲ್ ನೋಡಿದೆ. ಕೆಳಗೆ ಸರ್ವಿಸ್ ಚಾರ್ಜ್ 20 ಅಂತ ಇದೆ. ಫಾಲ್ ಹಾಕುತ್ತಾ ಕೂತಾಗ ಲೆಕ್ಕ ತಾನಾಗೇ ಬಂತು. 92 ಮನೆಗೆ 1,840. ಈ ಸರ್ವಿಸ್ ಮಾಡುವವನು ನನ್ನ ಮಗನೇ ಅಲ್ವಾ? ಹಾಸನದ ಅಣ್ಣ, ಈ 20 ರೂಪಾಯಿ ನಿಮ್ಮಲ್ಲಿ ಯಾರಿಗೆ ಹೋಗುತ್ತದೆ?