ಆರ್‌ಟಿಎಸ್-ಸಿಟಿಎಸ್ ವೈರ್ ಹಾಕಿದ್ರೂ ಬೈಟ್ ಮಿಸ್ ಆಗ್ತಿದೆ, ಯಾಕೆ?

ಪ್ರಶ್ನೆ: ಕಂಪ್ಯೂಟರ್‌ನಿಂದ ಎಟಿಮೆಗಾ328 ಅನ್ನೋ ಮೈಕ್ರೋಕಂಟ್ರೋಲರ್ ಚಿಪ್‌ಗೆ 115200 ಬಾಡ್‌ನಲ್ಲಿ (ಅಂದ್ರೆ ಸೆಕೆಂಡಿಗೆ ಅಷ್ಟು ಬಿಟ್) ಫೈಲ್ ಕಳಿಸ್ತಿದೀನಿ, ಬಂದಿದ್ದನ್ನ ಅದು ಎಸ್‌ಡಿ ಕಾರ್ಡ್‌ಗೆ ಬರೀಬೇಕು, ಆದ್ರೆ ಬರೆಯೋ ಹೊತ್ತಲ್ಲಿ ಬರೋ ಬೈಟ್‌ಗಳು ಮಾಯ. ಕಳಿಸು, ತಡಿ ಅಂತ ಹೇಳೋ ಸಿಗ್ನಲ್ ವೈರ್‌ಗಳನ್ನ, ಅಂದ್ರೆ ಆರ್‌ಟಿಎಸ್‌ನ ಆರ್‌ಟಿಎಸ್‌ಗೆ, ಸಿಟಿಎಸ್‌ನ ಸಿಟಿಎಸ್‌ಗೆ ಸೇರಿಸಿದೀನಿ, ಏನೂ ಪ್ರಯೋಜನ ಇಲ್ಲ. 9600ಕ್ಕೆ ಇಳಿಸಿದ್ರೆ ಮಾತ್ರ ಸರಿ.

ಉತ್ತರ: ಮೊದ್ಲು ವೈರ್ ಅಡ್ಡ ಹಾಕಿ, ನಿಮ್ಮ ಬೋರ್ಡ್‌ನ ಆರ್‌ಟಿಎಸ್ ಕಂಪ್ಯೂಟರ್ ಕಡೆಯ ಸೀರಿಯಲ್ ಅಡಾಪ್ಟರ್‌ನ ಸಿಟಿಎಸ್‌ಗೆ ಹೋಗ್ಬೇಕು. ಅದಕ್ಕಿಂತ ದೊಡ್ಡ ವಿಷ್ಯ, ಆ ಚಿಪ್‌ನ ಯುಆರ್ಟ್‌ನಲ್ಲಿ (ಸೀರಿಯಲ್ ಡೇಟಾ ಕಳಿಸಿ ತಗೊಳ್ಳೋ ಭಾಗ) ಹೀಗೆ ತಡಿ-ಕಳಿಸು ಅನ್ನೋ ಹ್ಯಾಂಡ್‌ಶೇಕಿಂಗೇ ಇಲ್ಲ ಮಾರಾಯ್ರೆ, ಯಾವ್ದಾದ್ರೂ ಒಂದು ಪಿನ್ ತಗೊಂಡು ಕೋಡ್‌ನಲ್ಲಿ ನೀವೇ ಆಡಿಸ್ಬೇಕು. ಲೆಕ್ಕ ನೋಡಿ, ಬೈಟಿಗೆ 10 ಬಿಟ್ ಅಂದ್ರೆ ಸೆಕೆಂಡಿಗೆ 11520 ಬೈಟ್, ಬಂದ ಬೈಟ್ ಕಾಯ್ತಾ ಕೂರೋ 64 ಬೈಟಿನ ಬಫರ್ ಐದೂವರೆ ಮಿಲಿಸೆಕೆಂಡಲ್ಲಿ ಫುಲ್, ಕಾರ್ಡ್ ಒಂದೊಂದ್ ಸಲ ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಬಿಜಿ ಇರತ್ತೆ. ಬಫರ್ ಪೂರ್ತಿ ತುಂಬೋವರೆಗೂ ಕಾಯ್ಬೇಡಿ, 40 ದಾಟಿದ ತಕ್ಷಣ ಪಿನ್ ಹೈ ಮಾಡಿ, ಯಾಕಂದ್ರೆ ನಿಲ್ಲಿಸು ಅಂದ್ಮೇಲೂ ಅಡಾಪ್ಟರ್ ಕೆಲವು ಬೈಟ್ ಉಗುಳತ್ತೆ. ಟಿಟಿಎಲ್ ಲೆವೆಲ್‌ನಲ್ಲಿ (ಚಿಪ್ ಪಿನ್‌ನ ನೇರ ವೋಲ್ಟೇಜ್) ಲೋ ಅಂದ್ರೆ ಕಳಿಸು, ಹೈ ಅಂದ್ರೆ ತಡಿ. ಇದು ಉಲ್ಟಾ ಅನ್ಸತ್ತೆ, ನಾನೂ ಒಂದು ರಾತ್ರಿ ಇಡೀ ಇದ್ರಲ್ಲೇ ಕಳೆದಿದೀನಿ.

ಇನ್ನೊಂದು ಉತ್ತರ: ಕಂಪ್ಯೂಟರ್‌ನಲ್ಲಿ ಪೈಸೀರಿಯಲ್ (ಪೈಥಾನ್‌ನ ಸೀರಿಯಲ್ ಲೈಬ್ರರಿ) ಆದ್ರೆ ಪೋರ್ಟ್ ಓಪನ್ ಮಾಡುವಾಗ ಆರ್‌ಟಿಎಸ್-ಸಿಟಿಎಸ್ ಆಪ್ಷನ್ ಆನ್ ಮಾಡಿ, ಡಿಫಾಲ್ಟ್ ಆಫ್ ಇರತ್ತೆ. ವೈರ್ ಬದ್ಲು ಡೇಟಾ ಜೊತೆಗೇ ತಡಿ-ಕಳಿಸು ಬೈಟ್ ಕಳಿಸೋ ಎಕ್ಸಾನ್-ಎಕ್ಸಾಫ್ ಕಡೆ ಹೋಗ್ಬೇಡಿ, ಬೈನರಿ ಫೈಲ್‌ನಲ್ಲಿ 17, 19 ಅನ್ನೋ ಬೈಟ್ ಬಂದ್ರೆ ಅದನ್ನೇ ಕಮಾಂಡ್ ಅನ್ಕೊಂಡು ಕೂತ್ಬಿಡತ್ತೆ.

ಪ್ರಶ್ನೆ ಕೇಳಿದವರು: ಆಪ್ಷನ್ ಆಫ್ ಇತ್ತು, ವೈರೂ ತಪ್ಪು 🤦 ಈಗ ಫೈಲ್ ಪೂರ್ತಿ ಬರ್ತಿದೆ.